ಹುಲಿಯಪ್ಪನ ಮನೆಗೆ ಎಳೆದ ತಂತಿ

ಗೇಣಿ ಹೋರಾಟದಲ್ಲಿ ನಾಲ್ಕು ಸಲ ಜೈಲು ಕಂಡವನಿಗೆ ರಸ್ತೆ ದಾಟಿಸಿ ಒಂದು ತಂತಿ ಎಳೆಯುವುದು ಯಾವ ಮಹಾ ಕೆಲಸ! ದೆಹಲಿಯ ಸುದ್ದಿ ತಂತಿಯೇ ಇಲ್ಲದೆ ಆನಂದಪುರದ ನನ್ನ ರೇಡಿಯೋಕ್ಕೆ ಬಂದು ಬೀಳುತ್ತದೆ. ಅಲ್ಲಿಂದ ಎದುರು ಮನೆಯ ಹುಲಿಯಪ್ಪನ ಹಾಸಿಗೆಗೆ ತಂತಿಯಲ್ಲಿ ನಾನು ಮುಟ್ಟಿಸುತ್ತೇನೆ ಎಂದು 1978ರ ಒಂದು ಭಾನುವಾರ ಘೋಷಿಸಿದೆ.

ಹುಲಿಯಪ್ಪ ಈ ಗಿರಿಯನ, ಅಂದರೆ ನನ್ನ, ಜೊತೆಗೇ ಲಾಠಿ ತಿಂದವನು. ಈಗ ಎದೆ ಕೆಟ್ಟು ಮಲಗಿದ್ದ. ಇನ್ನೆರಡು ತಿಂಗಳು ಎಂದಿದ್ದರು ಡಾಕ್ಟರು. ದಿನಾ ಸಂಜೆ ಸುದ್ದಿ ಕೇಳಿ, ಹೋಗಿ ಅವನಿಗೆ ಒಪ್ಪಿಸುವುದು ನನ್ನ ಕೆಲಸ.

"ಹೋಗೋದು ತಪ್ಪಿಸ್ಕೊಳ್ಳಕ್ಕೆ ಇಷ್ಟೆಲ್ಲ ಸರ್ಕಸ್ಸಾ?" ಎಂದಳು ಹೆಂಡತಿ ಶೇಷಮ್ಮ.

"ಇದು ವಿಜ್ಞಾನ ಕಣೆ."

ವಿಜ್ಞಾನವೂ ಅಲ್ಲ, ಮಣ್ಣೂ ಅಲ್ಲ. ಅವನು ಉಸಿರಿಗೆ ಒದ್ದಾಡುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

ಅವನ ತಲೆದಿಂಬಿನ ಬಳಿ ಸ್ಪೀಕರ್ ಡಬ್ಬಿ ಇಟ್ಟು ಬಂದು, ತಂತಿಯ ಈ ತುದಿಯನ್ನು ರೇಡಿಯೋದ ಬೆನ್ನಿಗೆ ಚುಚ್ಚಿದೆ. ಅದು ಗ್ರಾಮಫೋನಿನ ಸದ್ದನ್ನು ರೇಡಿಯೋದ ಒಳಕ್ಕೆ ತರುವ ತೂತು. ಅಲ್ಲಿ ಚುಚ್ಚಿದರೆ ಡಬ್ಬಿ ಬಾಯಿಯಾಗುವ ಬದಲು ಕಿವಿಯಾಗುತ್ತದೆಂದು ಸಾಗರದ ರಿಪೇರಿಯವನು ಆಮೇಲೆ ಹೇಳಿದ. ಸುದ್ದಿ ನಿಂತೇ ಹೋಯಿತು. ಇದ್ದ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿದೆ. ನನ್ನ ರೇಡಿಯೋ ಮನೆ ನಡುಗುವಂತೆ ಕೆಮ್ಮಿತು. ಹುಲಿಯಪ್ಪನ ಕೆಮ್ಮು! ತುಸು ಹೊತ್ತಿಗೆ ಅವನ ದನಿ:

"ಡಬ್ಬಿ ಮೂಕಾಗಿದ್ದೇ ಒಳ್ಳೇದಾತು, ಕೆರಿಯಮ್ಮ. ಇದು ಮಾತಾಡಿದ್ರೆ ಗಿರಿಯ ಇನ್ ಬರಲ್ಲ."

"ನಿಮಗೆ ಸುದ್ದಿ ಬ್ಯಾಡ್ವಾ?" ಅವನ ಹೆಂಡತಿ ಕೇಳಿದಳು.

"ಸುದ್ದಿ ಕಟ್ಕೊಂಡು ಸಾಯೋನು ಏನ್ ಮಾಡ್ಲಿ? ಅವ ಅರ್ಧ ಸುಳ್ಳೇ ಹೇಳ್ತಾನೆ. ಅದನ್ನ ಹೇಳುವಾಗ ಅವನ ಮುಖ ನೋಡ್ತಿದ್ದೆ. ಅಷ್ಟೇ ಇತ್ತು. ಅದನ್ನೂ ತಂತಿಗೆ ವಹಿಸ್ಬಿಟ್ಟ."

ಶೇಷಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಪೊಲೀಸರಿಗೆ ಹೆದರದವ್ರು," ಎಂದಳಷ್ಟೆ.

ಎದ್ದು ಹೋದೆ.

"ರಿಪೇರಿಗೆ ಬಂದ್ಯಾ?" ಎಂದ ಹುಲಿಯಪ್ಪ.

"ಹೂಂ. ದಿನಾ ಬಂದು ನೋಡ್ಬೇಕಾಗ್ತದೆ."

"ಅವಸರ ಮಾಡ್ಬೇಡ ಮಾರಾಯ."

ಮೂವತ್ತೆಂಟು ದಿನ ರಿಪೇರಿ ಮಾಡಿದೆ. ಮಾರನೆಯ ದಿನ ಅವನಿರಲಿಲ್ಲ.

ತಿಥಿ ಮುಗಿದ ಮೇಲೆ ತಂತಿ ಸುತ್ತಿಕೊಳ್ಳುತ್ತಾ ಕೆರಿಯಮ್ಮನ ಮುಂದೆ ತಪ್ಪೊಪ್ಪಿಕೊಂಡೆ: "ಅವತ್ತು ಅವ ನಿನ್ನತ್ರ ಗುಟ್ಟಾಗಿ ಆಡಿದ ಮಾತು ಕದ್ದು ಕೇಳ್ಬಿಟ್ಟೆ ತಂಗಿ."

"ಗುಟ್ಟೆಂತದು ಅಣ್ಣ? ಅವ್ರ ಕೆಮ್ಮು ನಿಮ್ಮನೆಯಿಂದ ರಸ್ತೆಗೆಲ್ಲ ಕೇಳ್ತಿತ್ತು. 'ಗಿರಿಯನ ರೇಡಿಯೋದಲ್ಲಿ ನಾನೇ ಬರ್ತಿದೀನಿ, ತಡಿ' ಅಂತ ಎದ್ದು ಕೂತ್ರು. ಡಬ್ಬಿಗೆ ಬಾಯಿಟ್ಟೇ ಹೇಳಿದ್ದು."