ಅತ್ತಿಗೆ ನಡೆಸಿದ ಕೊರಿಯಾ ತನಿಖೆ

ಕೊರಿಯಾದ ಸಿನಿಮಾಗಳಲ್ಲಿ ಯಾವ ಮಂತ್ರಿ ಕಳ್ಳ, ಯಾವ ಸಂಪಾದಕ ಅವನ ಜೇಬಿನಲ್ಲಿದ್ದಾನೆ ಎಂಬುದು ಆ ಸಿನಿಮಾದ ಪೊಲೀಸರಿಗೆ ತಿಳಿಯುವ ಮೊದಲೇ ನಮ್ಮ ಅತ್ತಿಗೆಗೆ ತಿಳಿದುಬಿಡುತ್ತಿತ್ತು! ನಗಬೇಡಿ. ಕೊರಿಯನ್ ಭಾಷೆಯ ಒಂದಕ್ಷರ ಬಾರದ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಇರುವೆ ಸಾಲು ಕಂಡರೆ ಸುತ್ತುಹಾಕಿ ನಡೆಯುವ ಹೆಂಗಸು ಅಮೆರಿಕದಲ್ಲಿ, ಮಿಶಿಗನ್ನಿನ ಕ್ಯಾಂಟನ್ ಎಂಬ ಊರಿನಲ್ಲಿ, ನಮ್ಮ ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನೆನೆಸಿದ ಅವರೆಕಾಳು ಹಿತುಕುತ್ತಾ ಕೊಲೆಗಡುಕರ ಸಿನಿಮಾ ನೋಡುತ್ತಿದ್ದರು ಅಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ಅತ್ತಿಗೆ ಅಂದರೆ ನಮ್ಮ ಯಜಮಾನರ ಅಕ್ಕ. ಡಿವಿಡಿಗಳನ್ನು ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದ ಕಾಲ ಅದು. ಅವರು ನಮ್ಮಲ್ಲಿಗೆ ಬಂದದ್ದು ಊರು ನೋಡುವುದಕ್ಕಲ್ಲ, ತಮ್ಮೂರಿನವರ ಕಣ್ಣು ತಪ್ಪಿಸುವುದಕ್ಕೆ. ಅವರ ಯಜಮಾನರು, ಅಂದರೆ ನಮ್ಮ ಭಾವ, ಸರ್ಕಾರಿ ಎಂಜಿನಿಯರು. ಕಟ್ಟದೇ ಇದ್ದ ಕೆರೆ ಏರಿಯ ಬಿಲ್ಲಿಗೆ ಸಹಿ ಹಾಕುವುದಿಲ್ಲ ಅಂದರು. ಕಾಂಟ್ರಾಕ್ಟರು ಎಮ್ಮೆಲ್ಲೆಯ ಭಾವಮೈದುನ. ಅವನು ಬೇಜಾರನ್ನೇ ಮಾಡಿಕೊಳ್ಳದೆ, ಮಗಳ ಮದುವೆಯ ಕರೆಯೋಲೆ ಕೊಡಲು ಹೆಂಡತಿ ಸಮೇತ ಮನೆಗೆ ಬಂದ. ಜೊತೆಯಲ್ಲಿ ಫೋಟೋದವನೂ ಬಂದ. ಆಮೇಲೆ ಪತ್ರಿಕೆಯಲ್ಲಿ ‘ಕೆರೆ ನುಂಗಿದ ಎಂಜಿನಿಯರ್’ ಅಂತ ತಲೆಬರಹ! ಫೋಟೋದಲ್ಲಿ ಕುಂಕುಮದ ಬಟ್ಟಲನ್ನು ಕತ್ತರಿಸಿದ್ದರು, ಕುಂಕುಮ ಇಡುತ್ತಿದ್ದವಳನ್ನು ಕತ್ತರಿಸಿದ್ದರು, ಇಡಿಸಿಕೊಳ್ಳುತ್ತಿದ್ದ ಅತ್ತಿಗೆಯನ್ನೂ ಕತ್ತರಿಸಿದ್ದರು. ಉಳಿದದ್ದು ಭಾವ, ಒಂದು ಕವರು, ಅದನ್ನು ಕೊಡುತ್ತಿದ್ದ ಒಂದು ಕೈ. ಕೈಯ ಒಡೆಯ ಮಾತ್ರ ಪತ್ತೆಯಿಲ್ಲ!

ಭಾವ ಸಸ್ಪೆಂಡ್ ಆದರು. ವಿಚಾರಣೆ ಮುಗಿಯುವ ತನಕ ಊರು ಬಿಡುವಂತಿಲ್ಲ. ಅವರ ಹೆಸರಿಗೆ ಹತ್ತಿದ ಮಸಿ ಹೋಗಬೇಕು, ಅತ್ತಿಗೆಗೆ ಬೇಕಿದ್ದದ್ದು ಅದೊಂದೇ. ನಾನು ಅದಕ್ಕಾಗಿ ಆಂಜನೇಯನಿಗೆ ಹರಕೆ ಹೊತ್ತೆ. ಅತ್ತಿಗೆ ಕೊರಿಯನ್ ಸಿನಿಮಾ ಹಿಡಿದರು.

ಪಕ್ಕದೂರು ಆನ್ ಆರ್ಬರ್‌ಗೆ ಹೋಗುವ ದಾರಿಯಲ್ಲಿ ಒಂದು ಕೊರಿಯನ್ ಅಂಗಡಿ. ಅಲ್ಲಿ ಎಳೇ ಮಗುವಿನಷ್ಟು ದಪ್ಪದ ಮೂಲಂಗಿ ಸಿಗುತ್ತದೆ. ಒಂದು ತಂದರೆ ವಾರವಿಡೀ ಹುಳಿ. ದೇವರು ಪರದೇಶದಲ್ಲೂ ಇಂಥ ಸಣ್ಣಪುಟ್ಟ ಅನುಕೂಲ ಇಟ್ಟಿರುತ್ತಾನೆ. ಅಂಗಡಿಯ ಮೂಲೆಯಲ್ಲಿ ಬಾಡಿಗೆ ಡಿವಿಡಿಗಳು. ಒಂದರ ಮೇಲೆ ಕೋಟು ತೊಟ್ಟ ಮನುಷ್ಯ, ಮುಂದೆ ರಾಶಿ ಮೈಕು, ಮುಖದಲ್ಲಿ ಬೆಣ್ಣೆಯಂಥ ನಗು. ಅತ್ತಿಗೆ ಗಕ್ಕನೆ ನಿಂತರು.

“ಅಯ್ಯೋ, ಇಲ್ನೋಡೇ! ನಮ್ಮೂರ ಎಮ್ಮೆಲ್ಲೆ! ಮೀಸೆ ಬೋಳಿಸ್ಕೊಂಡು ಇಲ್ಲಿ ಬಂದು ಕೂತಿದಾನೆ!”

ಅಂದಿನಿಂದ ತನಿಖೆ ಶುರು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಪಕ್ಕದಲ್ಲೇ ದೇವರ ಗೂಡು, ದೀಪ ಹಚ್ಚಿರುತ್ತೇನೆ, ಅಲ್ಲಿ ರೌಡಿ ‘ನಿನ್ನ ಕರುಳು ಬಗೀತೀನಿ’ ಅಂತಾನೆ. ಬಾಯಿ ಬರುತ್ತದೆಯೇ? “ನೋಡ್ಕೋತೀನಿ ಅಂತಿದಾನೆ ಅತ್ತಿಗೆ” ಅಂದೆ.

ಅತ್ತಿಗೆ ತೆರೆಯನ್ನು ನೋಡಿದರು, ರೌಡಿಯ ಕೈಯಲ್ಲಿದ್ದ ಮಚ್ಚು ನೋಡಿದರು, ನನ್ನನ್ನು ನೋಡಿದರು. “ನೀನೂ ಪೇಪರ್‌ನವಳಾದ್ಯಲ್ಲೇ! ಮನೇಲೇ ಕೂತು ಸುದ್ದಿ ತಿರುಚ್ತೀಯಾ?”

ಕೊಲೆ ಯಾರು ಮಾಡಿದರು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ. “ಅದು ಪೊಲೀಸ್ರ ತಲೆನೋವು. ನೀನು ಸಂಪಾದಕನ ಮೇಜು ನೋಡು. ಈಗ ಫೋನ್ ಹೊಡ್ಕೊಳ್ಳುತ್ತೆ.” ಟ್ರಿಣ್! ಹೊಡೆದುಕೊಂಡೇಬಿಡುತ್ತಿತ್ತು! ಆ ಸಿನಿಮಾಗಳಲ್ಲಿ ದೊಡ್ಡವರೆಲ್ಲ ನೆಲದ ಮೇಲೆ ಕುಳಿತು, ಮುಂದಿನ ಗಿಡ್ಡ ಮೇಜಿನ ಮೇಲೆ ಪುಟ್ಟಪುಟ್ಟ ಬಟ್ಟಲುಗಳಲ್ಲಿ ಪಲ್ಯ ಉಪ್ಪಿನಕಾಯಿ ಹರಡಿಕೊಂಡು ಸಂಚು ಹೂಡುತ್ತಾರೆ. ಅತ್ತಿಗೆ ರಿಮೋಟು ಒತ್ತಿ ಚಿತ್ರ ನಿಲ್ಲಿಸುತ್ತಿದ್ದರು.

“ಬಟ್ಟಲು ನೋಡೇ. ನಾಕಾರು ಇದ್ರೆ ರಸ್ತೆ ಕಾಂಟ್ರಾಕ್ಟು. ಮೇಜು ತುಂಬಿದ್ರೆ ಅಣೆಕಟ್ಟು. ಬಟ್ಟಲ ಮೇಲೆ ಬಟ್ಟಲು ಇಟ್ರೆ ಎಲೆಕ್ಷನ್ ಬಂತು ಅಂತ ತಿಳ್ಕೋ.”

ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ರೇಗಿದರು. “ಅಕ್ಕ, ಪಾಪ, ಅವರು ಊಟಾನೂ ಮಾಡಬಾರದಾ?”

“ಮಾಡ್ಲಿ ಕಣೋ. ಬಿಲ್ಲು ಯಾರು ಕೊಟ್ರು ಅಂತ ತೋರಿಸ್ಲಿಲ್ವಲ್ಲ, ನಾನು ಕೇಳ್ತಿರೋದು ಅದನ್ನ!”

ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನವಂತೂ ಕೇಳಲೇಬೇಡಿ. ಪೂಜೆ ಸಾಂಗವಾಗಿ ಮುಗಿಯಿತು, ಹಿಮ ಬೀಳಲಿಲ್ಲ, ಸಪಾದಭಕ್ಷ್ಯ ಗಂಟಾಗಲಿಲ್ಲ, ಎಲ್ಲ ಅವನ ದಯೆ. ಯಜಮಾನರು ಕ್ಯಾಮೆರಾ ಎತ್ತಿದರು. ನಾನು ಒಬ್ಬರಿಗೆ ಪ್ರಸಾದದ ಬಟ್ಟಲು ಚಾಚಿದ್ದೆ, ಅಷ್ಟೇ. ಅತ್ತಿಗೆ ಚೀರಿದರು. “ಕೈ ಕೆಳಗೆ! ಎಲ್ಲರೂ ಕೈ ಕೆಳಗೆ! ಫೋಟೋ ತೆಗೆಯೋವಾಗ ಏನೂ ಕೊಡಬೇಡಿ, ಏನೂ ಇಸ್ಕೋಬೇಡಿ!” ಬಂದವರು ಬೆಚ್ಚಿ, ಕೈ ಇಳಿಬಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತರು. ಆ ಫೋಟೋ ಇವತ್ತಿಗೂ ಇದೆ. ಮಧ್ಯದಲ್ಲಿ ದೇವರು, ಎರಡೂ ಪಕ್ಕದಲ್ಲಿ ರೇಷ್ಮೆ ಉಟ್ಟ ಆರೋಪಿಗಳು!

ಇಷ್ಟೆಲ್ಲ ಸಿನಿಮಾ ಯಾಕೆ ನೋಡುತ್ತಿದ್ದರು ಗೊತ್ತೇ? ಸುಳ್ಳು ಸುದ್ದಿಯಲ್ಲಿ ಹೆಸರು ಕೆಟ್ಟ ಒಬ್ಬನಿಗಾದರೂ ಕೊನೆಯಲ್ಲಿ ಅದು ವಾಪಸು ಸಿಗುತ್ತದೆಯೇ ಅಂತ ಹುಡುಕುತ್ತಿದ್ದರು. ಧೈರ್ಯ ಸಾಲದೆ, “ಕೊನೆ ನೀನೇ ಮೊದಲು ನೋಡಿ ಬಂದು ಹೇಳೇ” ಅಂತ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ನಾನು ಕೊನೆಗೆ ಓಡಿಸಿ ನೋಡುತ್ತಿದ್ದೆ. ಒಳ್ಳೆಯ ವರದಿಗಾರನಿಗೆ ಕೆಲಸ ಹೋಗಿರುತ್ತಿತ್ತು, ಒಳ್ಳೆಯ ಪೊಲೀಸಿನವನಿಗೆ ವರ್ಗವಾಗಿರುತ್ತಿತ್ತು, ಮಂತ್ರಿ ಮೈಕಿನ ಮುಂದೆ ನಗುತ್ತಿರುತ್ತಿದ್ದ.

“ಇದ್ರಲ್ಲೂ ಇಲ್ಲ ಅತ್ತಿಗೆ.”

“ಸರಿ ಬಿಡು. ಮುಂದಿನ ವಾರ ಇನ್ನೊಂದು ತರೋಣ.”

ಒಮ್ಮೆ ಅಂಗಡಿಯಾಕೆಯನ್ನೇ ಕೇಳಿಬಿಟ್ಟರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ಮಾತು ಸಲೀಸಾಗಿ ನಡೆಯಿತು! ಅತ್ತಿಗೆ ಪತ್ರಿಕೆ ಬಿಡಿಸಿ ಓದುವಂತೆ ಕೈ ಅಗಲಿಸಿದರು, ಎದೆ ಮುಟ್ಟಿಕೊಂಡರು, ಹೆಬ್ಬೆರಳು ಎತ್ತಿದರು. ಆಕೆಗೆ ಅರ್ಥವಾಯಿತು. ಕಪಾಟಿನ ಈ ತುದಿಯಿಂದ ಆ ತುದಿಗೆ ಹೋದರು, ಒಂದೊಂದು ಡಿವಿಡಿ ಎಳೆದು ತಲೆ ಆಡಿಸಿ ಒಳಗೆ ತಳ್ಳಿದರು, ಬಹಳ ಹೊತ್ತು ಯೋಚಿಸಿದರು. ಕೊನೆಗೆ ತಂದು ಕೊಟ್ಟದ್ದು ಅಡುಗೆ ಕಾರ್ಯಕ್ರಮದ ಡಿವಿಡಿ.

“ಸತ್ಯ ಗೆಲ್ಲೋದು ಇದೊಂದ್ರಲ್ಲೇ ಅನ್ಸುತ್ತೆ” ಅಂದರು ಅತ್ತಿಗೆ. ಕಾರಿನಲ್ಲಿ ಬರುವಾಗ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ನಕ್ಕು ಮುಗಿದ ಮೇಲೆ ಅವರು ಕಿಟಕಿಯ ಕಡೆ ತಿರುಗಿದರು.

ಒಂದು ಬೆಳಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ, ಭಾವನ ಫೋನು ಬಂತು. ಸ್ಪೀಕರ್ ಹಾಕಿದೆ.

“ಆರ್ಡರ್ ಬಂತು ಕಣೇ. ಆರೋಪ ಸುಳ್ಳು ಅಂತ ಬರೆದಿದಾರೆ. ಸೋಮವಾರದಿಂದ ಡ್ಯೂಟಿ.”

ನಾನು ಸೌಟು ಹಿಡಿದೇ ದೇವರ ಕಡೆ ತಿರುಗಿ ಕೈ ಮುಗಿದೆ. ಅತ್ತಿಗೆ ಕೇಳಿದ್ದು ಒಂದೇ. “ಪೇಪರಲ್ಲಿ ಹಾಕಿದಾರಾ?”

“ಎಲ್ಲಿ ಹಾಕ್ತಾರೆ? ಹೋಗಿ ಕೇಳ್ದೆ. ಹಳೇ ಸುದ್ದಿ ಸಾರ್, ಅಂದ್ರು. ಹೋಗ್ಲಿ ಬಿಡು.”

ಅತ್ತಿಗೆ “ಊಟ ಹೊತ್ತಿಗೆ ಸರಿಯಾಗಿ ಮಾಡಿ” ಅಂದು ಫೋನಿಟ್ಟರು. ಸ್ನಾನ ಮಾಡಿ, ಪೂಜೆಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ಬಂದರು. “ನಡಿ, ಡಿವಿಡಿ ವಾಪಸ್ ಕೊಟ್ಬರೋಣ.”

ಅಂಗಡಿಯಲ್ಲಿ ಡಿವಿಡಿಯನ್ನು ಕೌಂಟರಿನ ಮೇಲಿಟ್ಟು ನೆಟ್ಟಗೆ ನಿಂತರು. ನಮ್ಮ ಅತ್ತಿಗೆ ಮದುವೆಯಾದಾಗಿನಿಂದ ಗಂಡನ ಹೆಸರು ಹೇಳಿದವರಲ್ಲ. ‘ಅವರು’, ‘ನಮ್ಮನೆಯವರು’, ಅಷ್ಟೇ. ವೀಸಾದವರು ಕೇಳಿದಾಗಲೂ ಪಾಸ್‌ಪೋರ್ಟಿನಲ್ಲಿ ಬೆರಳಿಟ್ಟು ತೋರಿಸಿ ಬಂದವರು. ಅಂಥವರು ಅವತ್ತು, ಆ ಮೂಲಂಗಿ ಎಲೆಕೋಸುಗಳ ನಡುವೆ, ಭಾವನ ಹೆಸರನ್ನು ಇನಿಷಿಯಲ್ ಸಮೇತ, ಬಿ.ಇ. ಸಮೇತ, ಅಂಗಡಿಯ ಆ ತುದಿಗೂ ಕೇಳುವಂತೆ ಹೇಳಿದರು.

“ತಪ್ಪು ಮಾಡಿಲ್ಲ ಅಂತ ಆರ್ಡರ್ ಬಂತು!”

ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಅಂಗಡಿಯಾಕೆಗೆ ಏನು ತಿಳಿಯಿತೋ, ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಎರಡೂ ಕೈ ಮುಂದೆ ಜೋಡಿಸಿ, ಸೊಂಟ ಬಾಗಿಸಿ ನಮಸ್ಕರಿಸಿದರು. ಅತ್ತಿಗೆ ಆ ಹೆಸರನ್ನು ಇನ್ನೊಂದು ಸಲ ಹೇಳಿದರು. ಈ ಸಲ ಮೆತ್ತಗೆ, ತಮಗೊಬ್ಬರಿಗೇ ಕೇಳುವಷ್ಟು.