ಎತ್ತಿದ ದಾಂಡು, ಇಳಿಯದ ಮಾತು

ವಾದದಲ್ಲಿ ಸೋಲುವುದನ್ನು ನಾನು ಸಹಿಸಬಲ್ಲೆ. ವಾದಿಸಲು ಅವಕಾಶವೇ ಸಿಗದಿರುವುದನ್ನು ಮಾತ್ರ ಸಹಿಸಲಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಮಾಜವನ್ನು ಬುಡಸಮೇತ ತಿದ್ದಲು ಹೊರಟ ನನ್ನನ್ನು ತಡೆದದ್ದು ಎದುರಾಳಿಗಳಲ್ಲ, ಸಮಯ ಮುಗಿಯಿತೆಂದು ಸಾರುವ ಗಂಟೆ. ವರದಕ್ಷಿಣೆಯನ್ನು ಇನ್ನೇನು ನಿರ್ಮೂಲ ಮಾಡಿದೆ ಎನ್ನುವಾಗ ಅದು ಬಡಿಯುತ್ತಿತ್ತು. ಹೀಗಾಗಿ ನನ್ನ ಯೌವನದ ಸಮಾರೋಪದ ಮಾತುಗಳೆಲ್ಲ ಹೊಟ್ಟೆಯಲ್ಲೇ ಉಳಿದುಹೋದವು. ಇದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ, ಗೋಲಿಯಾಟದಲ್ಲೂ ಗುರಿ ತಪ್ಪುತ್ತಿದ್ದ ನಾನು ಹೊಸೂರಿನಲ್ಲಿ ಗಾಲ್ಫ್ ದಾಂಡು ಹಿಡಿದದ್ದೇಕೆಂದು ಓದುಗರಿಗೆ ಅರ್ಥವಾಗಲಾರದು.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿ. ನಮ್ಮ ಕಂಪನಿ ಬಸ್ಸು ಹಗಲು ಪಾಳಿ ಮುಗಿಸಿದ ಹೆಂಗಸರನ್ನು ಕೆಲಮಂಗಲದಲ್ಲಿ ಇಳಿಸಿ ಹಿಂದಿರುಗುತ್ತಿತ್ತು. ಅಲ್ಲಿಂದಾಚೆಯ ಹಳ್ಳಿಯವರು ರಾಗಿ ಹೊಲಗಳ ನಡುವೆ ಮುಸ್ಸಂಜೆಯಲ್ಲಿ ನಡೆದು ಹೋಗಬೇಕು. ರಾಗಿ ತೆನೆಗಟ್ಟುವ ಕಾಲಕ್ಕೆ ಅದೇ ಹೊಲಗಳಿಗೆ ಆನೆಗಳೂ ಬರುತ್ತವೆ. ಪ್ಯಾಕಿಂಗ್ ವಿಭಾಗದ ಮುನಿರತ್ನಮ್ಮ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು. "ನಿನ್ನೆ ದಾರೀಲೇ ನಿಂತಿತ್ತು ಸಾ. ನಾವೆಲ್ಲ ಹುಣಿಸೆ ಮರದ ಹಿಂದೆ ಉಸಿರು ಬಿಗಿ ಹಿಡ್ಕಂಡು ಕುಂತಿದ್ವಿ. ಆನೇದೇನೂ ತಪ್ಪಿಲ್ಲ, ಅದಕ್ಕೂ ಹೊಟ್ಟೆ ಐತೆ. ಬಸ್ಸು ಊರಗಂಟ ಬಂದ್ರೆ ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು" ಎಂದರು. ಇಷ್ಟು ಸಮತೂಕದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ.

ತೀರ್ಮಾನಿಸಬೇಕಾದವರು ಜನರಲ್ ಮ್ಯಾನೇಜರ್ ವರದರಾಜನ್. ಅವರ ಕೋಣೆಗೆ ನಾನು ಹೋದಾಗಲೆಲ್ಲ ನನ್ನ ಪೀಠಿಕೆಯ ಎರಡನೆಯ ವಾಕ್ಯಕ್ಕೆ ಸರಿಯಾಗಿ ಅವರ ಫೋನು ರಿಂಗಣಿಸುತ್ತಿತ್ತು. ಕಾಲೇಜಿನ ಗಂಟೆಯೇ ರೂಪ ಬದಲಿಸಿ ನನ್ನನ್ನು ಹಿಂಬಾಲಿಸಿಕೊಂಡು ತಮಿಳುನಾಡಿಗೆ ಬಂದಿದೆಯೆಂಬ ಅನುಮಾನ ನನಗೆ ಬಲವಾಯಿತು. ಅವರು ಫೋನು ಮುಟ್ಟದ ಜಾಗ ಒಂದೇ, ಊರಾಚೆಯ ಗಾಲ್ಫ್ ಮೈದಾನ. "ಶನಿವಾರ ನೀವೂ ಬನ್ನಿ, ಸ್ವಲ್ಪ ಆಡೋದು ಕಲ್ತುಕೊಂಡು ಬನ್ನಿ" ಎಂದು ಅವರು ಅಧಿಕಾರಿಗಳಿಗೆಲ್ಲ ಉಪಚಾರಕ್ಕೆ ಹೇಳುವುದಿತ್ತು. ಉಪಚಾರದ ಮಾತನ್ನು ನಿಜವೆಂದು ನಂಬುವುದು ಸುಧಾರಕರ ಲಕ್ಷಣ. ನಾನು ಕಲಿಯಲು ಹೊರಟೆ.

ತರಬೇತುದಾರ ಡೇವಿಡ್ ಅವರು ಹೊಸೂರಿನಲ್ಲೇ ಹುಟ್ಟಿ ಬೆಳೆದವರು. ಮೂರು ಭಾಷೆಗಳಲ್ಲಿ ಬೈಯಬಲ್ಲವರು. ಚೆಂಡನ್ನು ಹೊಡೆಯುವುದಕ್ಕಿಂತ ದಾಂಡನ್ನು ಹಿಂದಕ್ಕೆ ಒಯ್ಯುವ ಬ್ಯಾಕ್‌ಸ್ವಿಂಗೇ ಮುಖ್ಯವೆಂಬುದು ಅವರ ಸಿದ್ಧಾಂತ. "ಕೈಯಲ್ಲಿ ಎತ್ತಬೇಡಿ ಸಾರ್, ಅದೇನು ಬಾವಿಯಿಂದ ಕೊಡ ಎತ್ತಿದ ಹಾಗೆ! ಬೆನ್ನು ತಿರುಗಬೇಕು. ಭಾರ ಬಲ ತೊಡೇಲಿ ಬಂದು ಕೂತ್ಕೋಬೇಕು. ತಲೆ ಮಾತ್ರ ಇದ್ದಲ್ಲೇ ಇರಬೇಕು." ಹಾಗಾದರೆ ಒಟ್ಟಾರೆ ಅನುಭವ ಹೇಗಿರಬೇಕು ಎಂದು ಕೇಳಿದೆ. "ಒದ್ದೆ ಬಟ್ಟೆ ಹಿಂಡ್ತಾರಲ್ಲ, ಆ ಬಟ್ಟೆ ನೀವೇ ಆಗಿರಬೇಕು" ಎಂದರು. ದೇಹ ತಿರುಗಬೇಕು, ತಲೆ ತಿರುಗಬಾರದು ಎಂಬುದರಲ್ಲಿ ತಾರ್ಕಿಕ ವಿರೋಧವಿದೆಯೆಂದು ನಾನು ಆಕ್ಷೇಪ ಎತ್ತಿದೆ. ಡೇವಿಡ್ ಅವರು ಆಕಾಶ ನೋಡಿದರು. ಹೋಗುವಾಗ ಮೈದಾನದ ಮರ್ಯಾದೆಯೊಂದನ್ನೂ ಹೇಳಿಕೊಟ್ಟರು: ಒಬ್ಬರು ದಾಂಡು ಎತ್ತಿದರೆ ಮಿಕ್ಕವರು ಕೆಮ್ಮಲೂ ಬಾರದು.

ಮನೆಯಲ್ಲಿ ಅಭ್ಯಾಸಕ್ಕೆ ನನ್ನ ಹಳೆಯ ಕೊಡೆಯೇ ದಾಂಡಾಯಿತು. ಬಟ್ಟೆಯಾಗಲು ಹೋಗಿ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗೇ ಸಿಕ್ಕಿಹಾಕಿಕೊಂಡೆ. ನನ್ನ ಹೆಂಡತಿ ಸುನಂದಾ ತನ್ನ ಸೀರೆಯನ್ನು ಕೊಡೆಯ ಕಡ್ಡಿಯಿಂದ ಬಿಡಿಸಿಕೊಳ್ಳುತ್ತಾ, "ಅಲ್ಲಾ ಕಣ್ರೀ, ಮದುವೆಯಾದಾಗಿನಿಂದ ನೋಡ್ತಿದೀನಿ. ನಿಮ್ಮದು ಬರೀ ಎತ್ತೋದೇ ಆಯ್ತು. ಹೊಡೆಯೋದು ಯಾವಾಗ?" ಎಂದಳು. ಇದು ವಿಷಯಾಂತರವೆಂದು ನಾನು ತಳ್ಳಿಹಾಕಿದೆ.

ಶನಿವಾರ ಬೆಳಿಗ್ಗೆ ವರದರಾಜನ್ ನನ್ನನ್ನು ಕಂಡು, ಉಪಚಾರ ನಿಜವಾದಾಗ ಎಲ್ಲರಿಗೂ ಆಗುವಂತೆ, ಕೊಂಚ ಗಾಬರಿಯಾದರು. ಜೊತೆಗೆ ಅವರ ಸ್ನೇಹಿತರೊಬ್ಬರಿದ್ದರು. ನಡೆಯುತ್ತಾ ಮಾತು ತೆಗೆಯಬಹುದೆಂದುಕೊಂಡಿದ್ದೆ. ಅವರಿಬ್ಬರೂ ಗಾಳಿಯ ದಿಕ್ಕು, ಹುಲ್ಲಿನ ಎತ್ತರ, ಮಂಡಿನೋವು ಎಂದು ನನಗೆ ಎಡೆಯನ್ನೇ ಕೊಡಲಿಲ್ಲ. ಕೊನೆಗೆ ನನ್ನ ಸರದಿ ಬಂತು. ಚೆಂಡಿನ ಮುಂದೆ ನಿಂತು ದಾಂಡನ್ನು ನಿಧಾನವಾಗಿ ಹಿಂದಕ್ಕೆ ಒಯ್ದೆ. ದಾಂಡು ಹೆಗಲ ಮೇಲಕ್ಕೆ ಏರಿ ನಿಂತ ಕ್ಷಣ ಸುತ್ತಲೂ ಒಂದು ಮೌನ ಆವರಿಸಿತು. ವರದರಾಜನ್ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದರು. ಅಂಥ ಸಭೆಯನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಫೋನಿಲ್ಲ, ಗಂಟೆಯಿಲ್ಲ. ಮಿಕ್ಕವರು ಮಾತಾಡಬಾರದೆಂಬ ನಿಯಮವಿದೆಯೇ ಹೊರತು ದಾಂಡು ಎತ್ತಿದವನು ಮಾತಾಡಬಾರದೆಂದು ಡೇವಿಡ್ ಹೇಳಿರಲಿಲ್ಲ.

"ಸರ್, ಕೆಲಮಂಗಲದ ಬಸ್ಸಿನ ವಿಷಯ" ಎಂದು ಆರಂಭಿಸಿದೆ. ತಲೆ ಎತ್ತಬಾರದೆಂಬ ಕಟ್ಟುಪಾಡಿನಿಂದಾಗಿ ಆ ಬಿಳಿ ಚೆಂಡನ್ನೇ ಅಧ್ಯಕ್ಷರೆಂದು ಭಾವಿಸಿ ಮಾತಾಡಿದೆ. ದುಡಿಯುವ ಹೆಣ್ಣುಮಕ್ಕಳ ಘನತೆಯಿಂದ ತೊಡಗಿ ಆನೆಯ ಹಸಿವಿನವರೆಗೆ ಬಂದೆ. ವರದರಾಜನ್ ಒಮ್ಮೆ ಬಾಯಿ ತೆರೆದಿರಬೇಕು. ಅವರ ಸ್ನೇಹಿತರು "ಉಶ್" ಎಂದದ್ದು ಕೇಳಿಸಿತು. ಹಿಂದಿನಿಂದ ಬಂದ ಇನ್ನೊಂದು ತಂಡವೂ ಮರ್ಯಾದೆಗೆ ಕಟ್ಟುಬಿದ್ದು ಸುಮ್ಮನೆ ನಿಂತಿತು. ನನ್ನ ಬಲ ತೊಡೆ ನಡುಗುತ್ತಿತ್ತು, ಸೊಂಟ ಹಿಂಡಿಹೋಗಿತ್ತು. ಆದರೂ ಕಾಲೇಜಿನಿಂದ ಉಳಿದಿದ್ದ ಸಮಾರೋಪದ ಮಾತುಗಳನ್ನು, ವರದಕ್ಷಿಣೆಯ ಭಾಗವೊಂದನ್ನು ಬಿಟ್ಟು, ಪೂರ್ತಿ ಆಡಿ ಮುಗಿಸಿದೆ.

"ಸರಿ, ಬಸ್ಸು ಊರೊಳಗೇ ಹೋಗಲಿ" ಎಂದರು ವರದರಾಜನ್, ಪಿಸುದನಿಯಲ್ಲಿ. "ದಯವಿಟ್ಟು ಅದನ್ನು ಕೆಳಗಿಳಿಸಿ."

ಇಳಿಸಿದೆ. ದಾಂಡು ಗಾಳಿಯನ್ನಷ್ಟೇ ಸೀಳಿತು, ಅಧ್ಯಕ್ಷರು ಇದ್ದಲ್ಲೇ ಇದ್ದರು. "ಒಂದು ಕಂಡೀಷನ್ ಇದೆ" ಎಂದರು ವರದರಾಜನ್. "ಮುಂದಿನ ಶನಿವಾರದಿಂದ ನೀವು ಮನೇಲೇ ರೆಸ್ಟ್ ತಗೊಳ್ಳಿ."

ಬಸ್ಸು ಹಳ್ಳಿಗಳಿಗೆ ಹೊರಟ ಮೊದಲ ಸಂಜೆ ನಾನೂ ಹತ್ತಿದೆ. ಕೃತಜ್ಞತೆಯನ್ನು ನಿರೀಕ್ಷಿಸಿದ್ದೆನೆಂದು ಹೇಳಲಾರೆ. ಆದರೆ ಅದಕ್ಕೆ ಉತ್ತರವಾಗಿ ಆಡಬೇಕಾದ ನಾಲ್ಕು ಮಾತುಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಕೆಲಮಂಗಲ ದಾಟಿದ ಮೇಲೆ ಎದ್ದು, ಕಂಬಿ ಹಿಡಿದು, "ಸಹೋದರಿಯರೇ" ಎಂದೆ. ಮುಂದಿನ ಸೀಟಿನಿಂದ ಮುನಿರತ್ನಮ್ಮ ತಿರುಗಿ, "ಸಾ, ಕೂತ್ಕಳಿ. ಬೆಳಗಿಂದ ನಿಂತ್ಕಂಡೇ ಗೇದು ಬಂದವ್ರೆ, ಎಲ್ರೂ ಮಲಗವ್ರೆ. ಮಾತಾಡಬ್ಯಾಡಿ" ಎಂದರು. ಆ ದನಿ ಯಾವ ಗಂಟೆಗೂ ಕಡಿಮೆಯಿರಲಿಲ್ಲ.

ಕೂತೆ. ನನ್ನ ಎಡಗಡೆ ಕೂತಿದ್ದ ಸೆಕ್ಯುರಿಟಿಯ ಹಿರಿಯರೊಬ್ಬರ ತಲೆ ಆಗಲೇ ನನ್ನ ಹೆಗಲಿಗೆ ಒರಗಿ, ಅವರ ಪೇಟ ನನ್ನ ಕೆನ್ನೆಯನ್ನು ಒತ್ತಿಕೊಂಡಿತ್ತು. ನಾನು ತಲೆ ಅಲುಗಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ಬಸ್ಸು ರಾಗಿ ಹೊಲದ ತಿರುವಿನಲ್ಲಿ ಎಡಕ್ಕೆ ಹೊರಳಿತು. ನನ್ನ ಬೆನ್ನು ತಾನಾಗಿಯೇ ತಿರುಗಿತು, ಭಾರವೆಲ್ಲ ಬಂದು ಬಲ ತೊಡೆಯಲ್ಲಿ ಕೂತಿತು, ತಲೆ ಇದ್ದಲ್ಲೇ ಇತ್ತು. ಡೇವಿಡ್ ಹೇಳಿದ್ದು ಇದೇ ಎಂದು ಹೊಳೆಯಿತು. ಅಕ್ಕಪಕ್ಕದ ಯಾರಿಗಾದರೂ ಹೇಳಬೇಕೆಂದು ಬಾಯಿ ತೆರೆದೆ. ಮುನಿರತ್ನಮ್ಮ ತಿರುಗಿ ನೋಡಿದರು. ಮುಚ್ಚಿಕೊಂಡೆ.