ಕೈಚೀಲವೂ ನನ್ನ ಕೈಚಳಕವೂ

ಕಂಪ್ಯೂಟರ್ ವಿಷಯದಲ್ಲಿ ನಮ್ಮ ಮನೆಗೆ ನಾನೇ ಚಕ್ರವರ್ತಿ! ಹಾಗೆಂದು ನಾನೇ ಘೋಷಿಸಿಕೊಂಡಿದ್ದೇನೆ. ಮೊನ್ನೆ ಅದನ್ನು ಅತ್ತೆಯ ಮುಂದೆಯೇ ಸಾಬೀತುಪಡಿಸುವ ಸುಯೋಗ ಒದಗಿಬಂತು.

ಊರಿಗೆ ಹೊರಟಿದ್ದ ಅತ್ತೆ ಮಗಳನ್ನು ಕೇಳಿದರು: "ಆ ಕೈಚೀಲ ಹೊಲಿಯೋ ವಿಡಿಯೋ ನಮ್ಮೂರಿನ ನೆಟ್‌ನಲ್ಲಿ ಸುತ್ತುತ್ತಲೇ ಇರುತ್ತೆ, ಓಡೋದೇ ಇಲ್ಲ. ನನ್ನ ಫೋನಿಗೆ ಹಾಕಿಕೊಡ್ತೀಯಾ?"

"ಅಯ್ಯೋ ಅಮ್ಮಾ, ಅದು ನನ್ನ..." ಎಂದು ಹೆಂಡತಿ ಬಾಯಿ ತೆರೆದಳು.

"ನೀನು ಸುಮ್ಮನಿರು! ಇದು ಟೆಕ್ನಿಕಲ್ ವಿಷಯ. ಐದೇ ನಿಮಿಷ, ಅತ್ತೆ!" ಎಂದು ಲ್ಯಾಪ್‌ಟಾಪ್ ತೆರೆದೆ. ಬ್ರೌಸರಿಗೆ ವಿಡಿಯೋ ಇಳಿಸಿಕೊಡುವ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದೆ. ಬಟನ್ ಒತ್ತುವುದಷ್ಟೇ ಬಾಕಿ. ಸಂಜೆಯ ಬಸ್ಸು ಹೊರಡುವುದರೊಳಗೆ ವಿಡಿಯೋ ಇಳಿಯದಿದ್ದರೆ ಅಳಿಯನ ಮಾನವೇ ಇಳಿಯುತ್ತದೆ!

ಒತ್ತಿದೆ. ಇಳಿಯಿತು! ಬೀಗುತ್ತ ತೋರಿಸಿದೆ. ಮಂಚದ ಮೇಲೊಬ್ಬ ದಢಿಯ ಕುಣಿಯುತ್ತಿದ್ದ.

"ಇದು ಹಾಸಿಗೆ ಜಾಹೀರಾತಲ್ವಾ?" ಎಂದರು ಅತ್ತೆ.

ಮತ್ತೆ ಒತ್ತಿದೆ. ಈ ಬಾರಿ ಹಿನ್ನೆಲೆ ಸಂಗೀತ ಮಾತ್ರ ಬಂತು, ಚಿತ್ರ ನಾಪತ್ತೆ. "ಅಮ್ಮ ಕಣ್ಣು ಮುಚ್ಚಿಕೊಂಡು ಹೊಲೀಬೇಕಾ?" ಎಂದಳು ಹೆಂಡತಿ. ಮತ್ತೊಮ್ಮೆ ಒತ್ತುವಷ್ಟರಲ್ಲಿ ಬಟನ್ನೇ ಬೂದು ಬಣ್ಣಕ್ಕೆ ತಿರುಗಿ ಕೈಕೊಟ್ಟಿತು.

ಎಕ್ಸ್‌ಟೆನ್ಷನ್ ಕಿತ್ತೆ, ಮತ್ತೆ ಹಾಕಿದೆ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. 'ಬ್ರೌಸರಿನಲ್ಲಿರುವ ಹಳೆಯದನ್ನೆಲ್ಲ ಅಳಿಸಿ ನೋಡಿ' ಎಂದು ಎಲ್ಲೋ ಬರೆದಿತ್ತು. ಅಳಿಸಿದೆ. ಹೆಂಡತಿಯ ಆಫೀಸಿನದೂ ಸೇರಿ ಮನೆಮಂದಿಯ ಪಾಸ್‌ವರ್ಡ್‌ಗಳೆಲ್ಲ ಸಾಮೂಹಿಕವಾಗಿ ಸ್ವರ್ಗಸ್ಥವಾದವು. ಬಟನ್ ಮಾತ್ರ ಬೂದಾಗಿಯೇ ಇತ್ತು!

"ರೀ, ಬಸ್ಸಿಗೆ ಹೊತ್ತಾಯ್ತು. ಒಂದು ಮಾತು ಹೇಳ್ಲಾ? ಆ ವಿಡಿಯೋ..."

"ಹೇಳಬೇಡ, ನೋಡು!" ಎಂದೆ. ಪರದೆಯ ಮೇಲೆ ಮುಖವಿಲ್ಲದ ಎರಡು ಕೈಗಳು ಸರಸರನೆ ಹೊಲಿಯುತ್ತಿದ್ದವು. "ಆ ಹೆಂಗಸಿನ ಕೈ ನೋಡು, ಎಷ್ಟು ಅಚ್ಚುಕಟ್ಟು! ನನ್ನ ಅಂಗಿಗೆ ಒಂದು ಗುಂಡಿ ಹಾಕು ಅಂದ್ರೆ ನೀನು ತಿಂಗಳುಗಟ್ಟಲೆ ಸತಾಯಿಸ್ತೀಯ. ನೋಡಿ ಕಲಿ!"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೆಂಡತಿ ತನ್ನ ಫೋನ್ ತೆಗೆದು ಏನನ್ನೋ ಒತ್ತಿದಳು. ಅತ್ತೆಯ ಫೋನ್ ಟಿಂಗ್ ಎಂದಿತು. ಕೈಚೀಲದ ವಿಡಿಯೋ! ಚಿತ್ರ, ಸಂಗೀತ ಸಮೇತ, ಪೂರ್ತಿ!

"ಇದು ನಿನಗೆಲ್ಲಿ ಸಿಕ್ತು?" ಎಂದೆ.

"ಆಗಿಂದ ಅದನ್ನೇ ಹೇಳೋಕೆ ಹೊರಟಿದ್ದೆ. ಅದು ನನ್ನ ವಿಡಿಯೋ ರೀ. ನಾನೇ ಹೊಲಿದು, ನಾನೇ ಶೂಟ್ ಮಾಡಿ ನೆಟ್‌ಗೆ ಹಾಕಿದ್ದು."

ಅತ್ತೆ ಬ್ಯಾಗ್ ಎತ್ತಿಕೊಂಡು ಬಾಗಿಲಲ್ಲಿ ನಿಂತರು.

"ಹೋಗ್ಲಿ ಬಿಡಿ ಅಳಿಯಂದ್ರೇ. ನಮ್ಮ ಹುಡುಗಿ ಕೈ ಹಿಡಿದು ಹನ್ನೆರಡು ವರ್ಷ ಆಯ್ತು. ಹಿಡಿಯುವಾಗ ಆ ಕೈನ ಒಂದು ಸಲ ನೋಡ್ಕೋಬಾರದಿತ್ತಾ?"